ಜಾಲರಿ ಸೀರೆಯ ಬೀಗರು

ಗೌರಾಕಾಕು ಗಿಡಗಳ ಜೊತೆ ಕನ್ನಡದಲ್ಲಿ, ದನಗಳ ಜೊತೆ ಮರಾಠಿಯಲ್ಲಿ, ಹುಳಹುಪ್ಪಡಿಗಳ ಜೊತೆ ಹಿಂದಿಯಲ್ಲಿ ಮಾತಾಡುತ್ತಿದ್ದರು.

ನಾನು ಆಳಂದದ ಕಡೆಯವಳು. ಮದುವೆಯಾಗಿ ಗಡಿಯಾಚೆ ಮಹಾರಾಷ್ಟ್ರದ ಉಮರ್ಗಾಕ್ಕೆ ಬಂದ ಹೊಸತು. ಒಂದು ಬೆಳಿಗ್ಗೆ ಹಿತ್ತಲ ಗೋಡೆಯಾಚೆಯಿಂದ ಯಾರೋ ಬಹಳ ಮರ್ಯಾದೆಯಿಂದ, "ಚಲೋ ಉಠೋ, ಭೋತ್ ಹೋಗಯಾ, ದೂಸರೋಂಕು ಭೀ ಖಾನೆ ದೇವ್" ಎಂದು ಊಟಕ್ಕೆ ಕೂತವರನ್ನು ಎಬ್ಬಿಸುವುದು ಕೇಳಿಸಿತು. ನೆರೆಮನೆಗೆ ಹೈದರಾಬಾದಿನ ಕಡೆಯ ಅತಿಥಿಗಳು ಬಂದಿರಬೇಕೆಂದು ಸೆರಗು ಸರಿಮಾಡಿಕೊಂಡು ಇಣುಕಿದೆ. ಅಲ್ಲಿ ಅತಿಥಿಗಳಿರಲಿಲ್ಲ. ಬೆಲ್ಲದ ಪೆಂಟೆಗೆ ಮುತ್ತಿದ ಇರುವೆಗಳ ಸಾಲಿನ ಮುಂದೆ ಗಿಡ್ಡನೆಯ, ಗುಂಡನೆಯ ಹೆಂಗಸೊಬ್ಬರು ಕುಕ್ಕರಗಾಲಲ್ಲಿ ಕುಳಿತಿದ್ದರು. ಹಣೆಯ ಮೇಲೆ ಮೂರು ಬೆರಳ ವಿಭೂತಿ, ನೂಲಿನಿಂದ ಕಿವಿಗೆ ಕಟ್ಟಿದ ಚಸ್ಮಾ.

"ಇರುವಿಗಿ ಹಿಂದಿ ಯಾಕ್ರೀ ಕಾಕು?" ಎಂದು ಕೇಳಿದೆ. ನಾನು ಅವರೊಡನೆ ಆಡಿದ ಮೊದಲ ಮಾತೇ ಅದು.

"ಮತ್ತ? ಅವು ಯಾವ ಊರಿನವೋ, ಎಲ್ಲಿಂದ ಬಂದಾವೋ ಯಾರಿಗಿ ಗೊತ್ತು? ಪರವೂರಿನವರ ಜೋಡಿ ಹಿಂದೀನೇ ಮಾತಾಡಬೇಕು. ಗಿಡ ಅಂದ್ರ ಮನಿ ಮಗಳು, ಅದಕ್ಕ ಕನ್ನಡ ತಿಳೀತದ. ಎಮ್ಮಿ ನಿಲಂಗಾದ ಬಾಜಾರದಾಗ ತಂದಿದ್ದು. ಅದಕ್ಕ ಮರಾಠಿ ಬಿಟ್ರ ಮತ್ತೇನೂ ಬರಂಗಿಲ್ಲ."

ನಾನು ಕಲಬುರಗಿಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿದವಳು. ಈ ಪಾಠವನ್ನು ಅಲ್ಲಿ ಯಾರೂ ಮಾಡಿರಲಿಲ್ಲ.

ಕಾಕುವಿನ ಯಜಮಾನರು, ನಮಗೆಲ್ಲ ಕಾಕಾ, ಕಾಳಿನ ಅಡತಿ ದಲಾಲಿ ವ್ಯಾಪಾರದವರು. ಅವರಿಗೆ ಮಾತು ಕಡಿಮೆ. ಅವರ ಪಾಲಿನದನ್ನೂ ಕಾಕುವೇ ಆಡಿ ಮುಗಿಸುತ್ತಿದ್ದರು. ಕಾಕುವಿಗೆ ಇದ್ದದ್ದು ಒಂದೇ ಚಟ, ತಪಕೀರು. ಹೊಗೆಸೊಪ್ಪಿನ ಆ ನಯವಾದ ಪುಡಿಯನ್ನು ಅವರಿಗಾಗಿಯೇ ಬಜಾರದ ಒಂದು ಅಂಗಡಿಯವನು ಲವಂಗ ಬೆರೆಸಿ ಅರೆದು ಕೊಡುತ್ತಿದ್ದ. ಸೊಂಟದ ಸಂಚಿಯಿಂದ ಹಿತ್ತಾಳೆಯ ಪುಟ್ಟ ಡಬ್ಬಿ ತೆಗೆದು, ಒಂದು ಚಿಟಿಕೆ ಮೂಗಿಗೇರಿಸಿ, ಮುಖವನ್ನು ಮುಗಿಲಿಗೆತ್ತಿ ಕಾಯುವರು. ಓಣಿಯೂ ಕಾಯುವುದು. ಸೀನು ಬಂದ ಮೇಲೆ "ಶಿವಾ" ಎಂದು ಕಣ್ಣೊರೆಸಿಕೊಂಡು ಡಬ್ಬಿಯನ್ನು ನನ್ನ ಕಡೆ ಚಾಚುವರು.

"ಒಂದು ಚಿಮಟಿ ಏರಸು. ತಲಿ ಹಗುರಾಗ್ತದ."

"ಬ್ಯಾಡ್ರೀ ಕಾಕು."

"ಓದಿದವರ ಮೂಗೇ ಬ್ಯಾರೆ ಬಿಡು."

ದಿನವೂ ಇದೇ ಮಾತು ನಡೆಯುತ್ತಿತ್ತು. ನಾನು ಒಮ್ಮೆಯೂ ತೆಗೆದುಕೊಳ್ಳಲಿಲ್ಲ, ಅವರು ಒಮ್ಮೆಯೂ ಕೇಳದೆ ಬಿಡಲಿಲ್ಲ.

ಅಂಗಳದ ನಡುವೆ ಒಂದು ತುಳಸಿ ಇತ್ತು. "ನಮ್ಮದು ಬಿಲ್ವಪತ್ರಿ ಮನಿ, ತುಳಸಿ ಯಾಕ" ಎಂದು ಬಳಗದವರು ಕೆಣಕಿದರೆ ಕಾಕು, "ಬಿಲ್ವ ದೇವರಿಗಿ, ತುಳಸಿ ನನಗ" ಎನ್ನುತ್ತಿದ್ದರು. ಅವರ ತವರು ಸಾಸ್ತೂರ. ಆ ಕಡೆಯ ಊರುಗಳನ್ನೆಲ್ಲ ನೆಲಸಮ ಮಾಡಿದ ದೊಡ್ಡ ಭೂಕಂಪದಲ್ಲಿ ಮನೆ ಕುಸಿದು ಅವರ ತಾಯಿ ಹೋದರು. ಕಾಕು ಹೋಗಿ ನೋಡಿದಾಗ ಕಲ್ಲುಮಣ್ಣಿನ ನಡುವೆ ತಾಯಿ ನೀರೆರೆಯುತ್ತಿದ್ದ ತುಳಸಿ ಮಾತ್ರ ನೆಟ್ಟಗೆ ನಿಂತಿತ್ತಂತೆ. ಅದನ್ನು ಬೇರುಸಹಿತ ಎತ್ತಿ, ಎಣ್ಣೆಯ ಡಬ್ಬಿಯಲ್ಲಿಟ್ಟು, ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದರು. ಕಂಡಕ್ಟರ್ ಏನೂ ತಿಳಿಯದೆ ನಗುತ್ತ, "ಹಿಚಂ ತಿಕೀಟ?" ಎಂದು ಗಿಡದ ಟಿಕೆಟ್ಟು ಕೇಳಿದನಂತೆ. "ತಿಚೀ ಆಯೀ ಗೇಲೀ ಬಾಬಾ, ಮಾಝ್ಯಾ ಘರೀ ನೇತೆ" ಎಂದರಂತೆ ಕಾಕು: ಇವಳ ತಾಯಿ ಹೋದಳಪ್ಪ, ನನ್ನ ಮನೆಗೆ ಕರೆದೊಯ್ಯುತ್ತಿದ್ದೇನೆ. ಅವನು ಕಿಟಕಿಯ ಪಕ್ಕದ ಸೀಟು ಬಿಡಿಸಿಕೊಟ್ಟ. ನಾನು ಬರುವ ಹೊತ್ತಿಗೆ ಆ ಗಿಡ ಮುಪ್ಪಾಗಿ, ಅದರ ಬೀಜದ ಬೀಜ ಕಟ್ಟೆಯಲ್ಲಿ ಬೆಳೆದಿತ್ತು. ಕಾಕು ಅದನ್ನು "ನಮ್ಮವ್ವನ ಮೊಮ್ಮಗಳು" ಎಂದು ಕರೆಯುತ್ತಿದ್ದರು.

ಮೊಮ್ಮಗಳ ಲಗ್ನ ಪ್ರತಿ ಕಾರ್ತಿಕದಲ್ಲೂ ಜೋರಾಗಿ ನಡೆಯುತ್ತಿತ್ತು. ಆ ವರ್ಷ ಮಾತ್ರ ಲಗ್ನಕ್ಕೆ ಇನ್ನೊಂದು ಭಾರವೂ ಕೂಡಿತ್ತು. ಕಾಕುವಿನ ಒಬ್ಬಳೇ ಮಗಳು ಸುನಂದಾಳನ್ನು ಉದಗೀರಕ್ಕೆ ಕೊಟ್ಟಿದ್ದರು. ಅವಳು ಚೊಚ್ಚಲ ಬಸುರಿ. ಚೊಚ್ಚಲ ಹೆರಿಗೆ ತವರಲ್ಲಿ ಆಗಬೇಕು. ಆದರೆ ಬೀಗತಿ ಶಾಂತಾಬಾಯಿ ಕಳಿಸಲು ಒಪ್ಪಿರಲಿಲ್ಲ.

"ನಿಮ್ಮ ಕಡಿ ಭೂಮಿ ಇನ್ನಾ ಅಲಗ್ತದಂತ. ಬಸರಿ ಹೆಂಗಸಿಗಿ ಅಲ್ಲಿ ಹ್ಯಾಂಗ ಕಳಸಲಿ?" ಎಂದು ಹೇಳಿ ಕಳಿಸಿದ್ದರು.

"ಉದಗೀರ ಏನು ಮುಗಿಲಾಗ ಅದಾ?" ಎಂದು ಕಾಕು ನನ್ನ ಮುಂದೆ ಹಾರಾಡಿದರು. ಬೀಗತಿಯ ಮುಂದೆ ಹಾರಾಡುವ ಧೈರ್ಯ ಅವರಿಗಿರಲಿಲ್ಲ. ಅದಕ್ಕೆ ಉಪಾಯವಾಗಿ, ತುಳಸಿ ಲಗ್ನಕ್ಕೆ ಬರಬೇಕೆಂದು ಶಾಂತಾಬಾಯಿಗೆ ಕರೆ ಕಳಿಸಿದರು. ಸೊಸೆಯನ್ನೂ ಕರಕೊಂಡು ಬರಲಿ. ಮನೆ ನೋಡಲಿ, ಉಪಚಾರ ನೋಡಲಿ. ಮನಸ್ಸು ಕರಗಿದರೆ ಸುನಂದಾಳನ್ನು ಬಿಟ್ಟು ಹೋಗಲಿ. ಬೀಗತಿ ಬರುತ್ತೇನೆಂದರು.

ಸರಿಯಾಗಿ ಆಗಲೇ ತುಳಸಿ ಸೊರಗತೊಡಗಿತು. ಎಲೆಗಳು ಮುದುಡಿ, ಮೇಲೆಲ್ಲ ಬಿಳಿ ಚುಕ್ಕೆ ಬಿದ್ದು, ಚಿಗುರು ಕರಕಲಾಯಿತು. ಕಾಕು ದಿಟ್ಟಿ ಎಂದು ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದರು. ಏನೂ ಆಗಲಿಲ್ಲ. ನಾನು ಒಂದು ಎಲೆ ಕಿತ್ತು ತಿರುವಿದೆ. ಅಡಿಯಲ್ಲಿ ಎಳ್ಳಿನಷ್ಟು ಸಣ್ಣ ಹುಳಗಳು, ಸುತ್ತಲೂ ಅವುಗಳ ಕಪ್ಪು ಹಿಕ್ಕೆ. ನಮ್ಮ ಮನೆಯವರು ಅಂಗಡಿಯಲ್ಲಿ ತೊಗರಿ ಪರೀಕ್ಷಿಸಲು ಇಟ್ಟುಕೊಂಡಿದ್ದ ಭೂತಗನ್ನಡಿಯನ್ನು ತಂದು ಕಾಕುವಿನ ಕೈಗೆ ಕೊಟ್ಟೆ.

ಕಾಕು ಒಂದು ಕಣ್ಣು ಮುಚ್ಚಿ ನೋಡಿದರು. ಆಮೇಲೆ ಇನ್ನೊಂದು ಕಣ್ಣು ಮುಚ್ಚಿ ನೋಡಿದರು.

"ಅಯ್ಯ ಯವ್ವಾ! ಇವು ಜಾಳಿಗಿ ಸೀರಿ ಉಟ್ಟಾವಲ್ಲ!"

ನಿಜವೇ. ಆ ಹುಳದ ಹೆಸರೇ ಜಾಲರಿ ತಿಗಣೆ. ರೆಕ್ಕೆಯೂ ಭುಜವೂ ಗಾಜಿನಂತೆ ತೆಳ್ಳಗೆ, ಮೇಲೆಲ್ಲ ಕ್ರೋಶಾ ಹೆಣೆದಂತೆ ಕಣ್ಣುಕಣ್ಣಾದ ಬಲೆ. ನೋಡಲು ಇಷ್ಟು ಚೆಂದವಿದ್ದು ಅದು ಮಾಡುವ ಕೆಲಸ ಎಲೆಯಡಿ ಕುಳಿತು ರಸ ಹೀರುವುದೊಂದೇ. ನಾನು ಪಾಠ ಶುರುಮಾಡುವ ಮೊದಲೇ ಕಾಕು ತೀರ್ಮಾನಕ್ಕೆ ಬಂದಿದ್ದರು.

"ನೋಡು, ಲಗ್ನ ಹತ್ರ ಬಂದಾದ. ಚಂದ ಉಟಗೊಂಡು ಬಂದಾವ. ಕರೀಲಾರದೆ ಬಂದಾವ. ಒಂದು ಮಾತಿಲ್ಲ, ಕತಿಯಿಲ್ಲ, ಕೂತು ಉಣ್ಲಾಕತ್ತಾವ. ಮಾಡಿದ್ದು ಸಾಲವಲ್ದು. ಇವು ಹುಳ ಅಲ್ಲ ತಂಗಿ, ಬೀಗರು. ಗಂಡಿನ ಕಡಿಯವರು."

"ಕೊಲ್ಲಬೇಕ್ರೀ ಕಾಕು, ಇಲ್ಲಾಂದ್ರ ಗಿಡ ಉಳಿಯಂಗಿಲ್ಲ."

"ಬೀಗರಿಗಿ ಕೊಲ್ಲೋದೇನ? ನಿಮ್ಮ ಆಳಂದದಾಗ ಹಂಗ ಮಾಡ್ತಾರೇನು?"

ಬೀಗರನ್ನು ಮರ್ಯಾದೆಯಿಂದ ಬೇರೆ ಪಂಕ್ತಿಗೆ ಕೂಡಿಸಬೇಕೆಂದು ನವಿಲುಗರಿಯಿಂದ ಅವುಗಳನ್ನು ನಯವಾಗಿ ಸವರಿ, ಕುಂಕುಮವಿಟ್ಟ ತಟ್ಟೆಗೆ ಇಳಿಸಿಕೊಂಡು, ಹಿತ್ತಲ ಬದನೆಗಿಡಕ್ಕೆ ಬಿಟ್ಟು ಬಂದರು. "ಇಧರ್ ಬೈಠೋ, ಬೈಂಗನ್ ಅಚ್ಛಾ ಹೈ" ಎಂದು ಶಿಫಾರಸನ್ನೂ ಮಾಡಿದರು. ಮರುದಿನ ನೋಡಿದರೆ ಅವು ಬದನೆಯನ್ನು ಮೂಸಿಯೂ ನೋಡದೆ ಎದ್ದುಹೋಗಿದ್ದವು. ತುಳಸಿಯ ಮೇಲಿನ ಪಂಕ್ತಿ ಮಾತ್ರ ಎಂದಿನಂತೆ ನಡೆದಿತ್ತು. ಬದನೆಗೆ ಬೇರೆಯೇ ಜಾಲರಿ ತಿಗಣೆ ಇದೆ, ತುಳಸಿಯದು ತುಳಸಿ ಕುಲದ ಗಿಡ ಬಿಟ್ಟು ಬೇರೆ ಮುಟ್ಟುವುದಿಲ್ಲ ಎಂದು ವಿವರಿಸಿದೆ. ಕಾಕುವಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ.

"ಶಾಂತಾಬಾಯಿನೂ ಹಂಗ. ಬದನಿಕಾಯಿ ಪಲ್ಯಾ ಮಾಡಿದ್ರ ತಾಟು ಸರಸ್ತಾಳ."

ಕೊನೆಗೆ ನಾನು ತಂಬಾಕಿನ ನೀರು ಸಿಂಪಡಿಸುವ ಮಾತೆತ್ತಿದೆ. ಗಿಡದ ಹುಳಕ್ಕೆ ಅದು ಹಳೆಯ ಮದ್ದು. ದೇವತೆಯ ಮೈಮೇಲೆ ತಂಬಾಕೇ ಎಂದು ಕಾಕು ಕೆನ್ನೆ ಬಡಿದುಕೊಂಡರು. ಆಮೇಲೆ ಕಟ್ಟೆಯ ಮೇಲೆ ಕುಳಿತು ಒಂದು ಚಿಟಿಕೆ ಏರಿಸಿದರು. ಮುಗಿಲು ನೋಡಿದರು, ಸೀನಿದರು. ಮುಖ ಬೆಳಗಿತು.

"ತಡಿ ತಡಿ. ಬೀಗರ ಊಟ ಆದ ಮ್ಯಾಲ ನಾವು ಏನು ಕೊಡ್ತೀವಿ? ಎಲಿ, ಅಡಿಕಿ, ತಂಬಾಕು. ತಂಬಾಕಿನ ತಾಟು ಮುಂದ ಬಂತಂದ್ರ ಶಾಣ್ಯಾ ಬೀಗರಿಗಿ ತಿಳೀತದ, ಊಟ ಮುಗೀತು, ಇನ್ನ ಏಳಬೇಕು ಅಂತ. ಕೊಡೂಣ. ಪದ್ಧತಿ ಪ್ರಕಾರ ಕೊಡೂಣ."

ಮನೆಯಲ್ಲಿ ಎಲೆತಂಬಾಕು ಇರಲಿಲ್ಲ. ಕಾಕು ಒಳಗೆ ಹೋಗಿ ತಮ್ಮ ತಪಕೀರಿನ ದೊಡ್ಡ ಡಬ್ಬಿಯನ್ನೇ ತಂದು, ಅರ್ಧದಷ್ಟನ್ನು ಬಿಸಿನೀರಿಗೆ ಸುರಿದರು. ಮಗಳಿಗಾಗಿ ಅವರು ಅದಕ್ಕಿಂತ ದೊಡ್ಡ ತ್ಯಾಗ ಮಾಡಿರಲಾರರು. ಬೀಗರಿಗೆ ಬಕೀಟಿನಿಂದ ಎರಚುವುದು ಸರಿಯಲ್ಲವೆಂದು, ಮದುವೆಮನೆಯಲ್ಲಿ ಪನ್ನೀರು ಚಿಮುಕಿಸುವ ಬೆಳ್ಳಿಯ ಗುಲಾಬದಾನಿಗೆ ಆ ಕಂದು ನೀರನ್ನು ತುಂಬಿದರು. ಎಲೆ ಎಲೆಯನ್ನೂ ತಿರುವಿ, "ಖಾನಾ ಹೋಗಯಾ, ತಂಬಾಕು ಲೇವ್, ಆರಾಮ್ ಸೇ ಜಾವ್" ಎನ್ನುತ್ತ ಚಿಮುಕಿಸಿದರು. ಜಾಲರಿ ಸೀರೆಯವು ಒಂದೊಂದಾಗಿ ಉರುಳಿದವು.

"ಸತ್ತವ್ರೀ ಕಾಕು."

"ಬಿಡ್ತು ಅನ್ನು! ಹೊಂಟಾವ."

ಲಗ್ನದ ದಿನದ ಹೊತ್ತಿಗೆ ಬೀಗರೇನೋ ಇರಲಿಲ್ಲ, ಆದರೆ ಎಲೆಯೂ ಹೆಚ್ಚು ಉಳಿದಿರಲಿಲ್ಲ. ಹಸಿರು ಖಣ, ಬಳೆ, ದಂಡೆ ಎಲ್ಲ ತೊಡಿಸಿ, ಸುತ್ತ ಕಬ್ಬು ಕಟ್ಟಿ, ಮದುಮಗಳ ಬೋಳುತನವನ್ನು ಆದಷ್ಟು ಮುಚ್ಚಿದೆವು. ಸಂಜೆ ಉದಗೀರದ ಬಸ್ಸಿನಿಂದ ಶಾಂತಾಬಾಯಿ ಇಳಿದರು. ಎತ್ತರದ ಆಳು, ಒಂದು ಕೂದಲೂ ಹಾರದ ತುರುಬು, ಹಾಲುಬಣ್ಣದ ರೇಷ್ಮೆ ಸೀರೆ. ಹಿಂದೆ ತಲೆ ತಗ್ಗಿಸಿ ಸುನಂದಾ. ಬೀಗತಿ ಗೋಡೆಯ ಬಿರುಕುಗಳನ್ನು ನೋಡಿದರು, ತಗಡಿನ ಚಾವಣಿಯನ್ನು ನೋಡಿದರು. ಕೊನೆಗೆ ತುಳಸಿಯನ್ನು ನೋಡಿದರು.

"ಮದಲಗಿತ್ತಿ ಯಾಕ ಹಿಂಗ ಸೊರಗ್ಯಾಳ?"

"ತವರು ಬಿಡೋ ಚಿಂತಿ ನೋಡ್ರಿ ಬೀಗತ್ಯಾರ. ಹೆಣ್ಣುಮಕ್ಕಳಿಗಿ ತವರು ಅಂದ್ರ ಹಂಗ" ಎಂದರು ಕಾಕು. ಸುನಂದಾಳ ಕಣ್ಣು ತುಂಬಿತು. ಬೀಗತಿಯ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ.

ಭಟಜಿ ಬಂದು ಅಂತರಪಟ ಹಿಡಿಸಿದರು. ಒಂದು ಕಡೆ ತುಳಸಿ, ಇನ್ನೊಂದು ಕಡೆ ಹಿತ್ತಾಳೆಯ ಕೃಷ್ಣನನ್ನು ಎತ್ತಿಕೊಂಡ ಕಾಕಾ. ಕಾಕು ಗುಲಾಬದಾನಿ ಹಿಡಿದು ಬಂದವರ ಮೇಲೆಲ್ಲ ಧಾರಾಳವಾಗಿ ಪನ್ನೀರು ಚಿಮುಕಿಸಿದರು. ಬೀಗತಿಗೆ ಎಲ್ಲರಿಗಿಂತ ಹೆಚ್ಚು, ಮುಖಕ್ಕೇ. ಮನೆಯಲ್ಲಿದ್ದದ್ದು ಒಂದೇ ಗುಲಾಬದಾನಿ. ಕಾಕು ಅದನ್ನು ತೊಳೆದಿದ್ದರು ನಿಜ. ಆದರೆ ಅದರ ಕತ್ತು ಸಣ್ಣ, ಹೊಟ್ಟೆ ದೊಡ್ಡದು. ತಳದಲ್ಲಿ ಕೂತ ಗಸಿ ಕೂತೇ ಇತ್ತು.

ಭಟಜಿ ರಾಗವೆಳೆದು "ಶುಭಮಂಗಲ ಸಾವಧಾ..." ಎಂದವರು "ಆಕ್ಷೀ" ಎಂದು ಮುಗಿಸಿದರು. ಶುಭ ಕಾರ್ಯದಲ್ಲಿ ಸೀನು! ಎಲ್ಲರೂ ಮುಖ ಮುಖ ನೋಡಿಕೊಳ್ಳುವಷ್ಟರಲ್ಲಿ ಅಂತರಪಟ ಹಿಡಿದ ಇಬ್ಬರೂ ಸೀನಿದರು, ಪಟ ಬಿತ್ತು. ಕಾಕಾ ತಮ್ಮ ಸ್ವಭಾವದಂತೆ ಸದ್ದಿಲ್ಲದೆ ಸೀನಿದರು, ಕೃಷ್ಣ ಅಲುಗಾಡಿದ. ಅಕ್ಷತೆ ಹಾಕಲು ಕೈಯೆತ್ತಿದ್ದ ಓಣಿಯೆಲ್ಲ ಅಕ್ಷತೆ ಬಿಟ್ಟು ಮೂಗು ಹಿಡಿಯಿತು. ಕೊನೆಗೆ ಶಾಂತಾಬಾಯಿ ಸೀನಿದರು. ಆ ಸೀನು ಎಂಥದೆಂದರೆ ಮೇಲಿನ ತಗಡು ಗಡಗಡ ಎಂದಿತು. ಒಳಗೆ ಅಡುಗೆ ನೋಡುತ್ತಿದ್ದವರು "ಭೂಕಂಪ! ಭೂಕಂಪ!" ಎಂದು ಸೌಟು ಹಿಡಿದುಕೊಂಡೇ ಅಂಗಳಕ್ಕೆ ಓಡಿಬಂದರು. ನಮ್ಮ ಕಡೆಯವರಿಗೆ ಆ ಒಂದು ಅಭ್ಯಾಸ ಇನ್ನೂ ಹೋಗಿರಲಿಲ್ಲ.

ಇನ್ನು ಸುನಂದಾಳ ಹೆರಿಗೆ ತವರಲ್ಲಿ ಆದ ಹಾಗೆಯೇ ಬಿಡು ಎಂದುಕೊಂಡೆ. ಬೀಗತಿಯ ಹಾಲುಬಣ್ಣದ ಸೀರೆಯ ಮೇಲೆ ಕಂದು ಚುಕ್ಕೆಗಳು ಮೂಡಿದ್ದವು. ಅವರು ಚುಕ್ಕೆ ನೋಡಿದರು, ಗುಲಾಬದಾನಿ ನೋಡಿದರು. ಕಾಕುವಿನ ಮಣಿಕಟ್ಟು ಹಿಡಿದು, "ಬೀಗತ್ಯಾರ, ಸೊಲ್ಪ ಒಳಗ ಬರ್ರಿ" ಎಂದು ಅಡುಗೆಮನೆಗೆ ಎಳೆದುಕೊಂಡು ಹೋದರು. ಬಾಗಿಲು ಮುಚ್ಚಿತು. "ವೈನೀ, ನೀವು ಹೋಗಿ ನೋಡ್ರೀ" ಎಂದು ಸುನಂದಾ ನನ್ನನ್ನು ದೂಡಿದಳು. ನಾನು ನೀರಿನ ತಂಬಿಗೆಯ ನೆಪ ಹಿಡಿದು ಬಾಗಿಲು ಸರಿಸಿದೆ.

ಒಲೆಯ ಮುಂದೆ ಇಬ್ಬರೂ ಕುಕ್ಕರಗಾಲಲ್ಲಿ ಕುಳಿತಿದ್ದರು.

"ಇದು ಯಾವ ಅಂಗಡೀದು?" ಶಾಂತಾಬಾಯಿ ಪಿಸುದನಿಯಲ್ಲಿ ಕೇಳುತ್ತಿದ್ದರು.

"ಯಾವುದ್ರೀ?" ಎಂದರು ಕಾಕು.

"ಗುಲಾಬದಾನ್ಯಾಗಿಂದು. ನನಗ ತಿಳಿಯಂಗಿಲ್ಲೇನು? ಮದುವ್ಯಾಗಿ ಬಂದಾಗಿಂದ ಗಂಡಗ ಗೊತ್ತಿಲ್ಲಾರದಂಗ ಏರಸ್ತೀನಿ. ಉದಗೀರದಾಗ ಇಂಥಾ ಮಾಲ ಸಿಗವಲ್ದು. ಲವಂಗ ಹಾಕ್ಯಾರ ಹೌದಿಲ್ಲೋ?"

ಕಾಕು ಸಂಚಿಯಿಂದ ಹಿತ್ತಾಳೆ ಡಬ್ಬಿ ತೆಗೆದು ಮುಚ್ಚಳ ತೆರೆದು ಚಾಚಿದರು. ಇಬ್ಬರೂ ಒಂದೊಂದು ಚಿಟಿಕೆ ಏರಿಸಿ, ಚಾವಣಿಯ ಕಡೆ ಮುಖವೆತ್ತಿ, ಪಕ್ಕಪಕ್ಕದಲ್ಲಿ ಕಾದರು. ನಾನು ತಂಬಿಗೆ ಅಲ್ಲೇ ಇಟ್ಟು ಬಾಗಿಲೆಳೆದುಕೊಂಡೆ.

ಹೊರಗೆ ಬಂದ ಶಾಂತಾಬಾಯಿಯ ಮುಖ ಮತ್ತೆ ಮೊದಲಿನಂತೆ ಬಿಗಿದುಕೊಂಡಿತ್ತು. "ಸುನಂದಾ ಇಲ್ಲೇ ಇರ್ಲಿ" ಎಂದರು. ಕಾಕು ಕೈಮುಗಿಯುವುದರೊಳಗೆ ಮುಂದಿನ ಮಾತೂ ಬಂತು: "ಆದ್ರ ಭೂಮಿ ಅಲಗೋ ಊರಾಗ ಆಕಿ ಒಬ್ಬಾಕಿನ್ನ ಬಿಟ್ಟು ಹ್ಯಾಂಗ ಹೋಗ್ಲಿ? ನಾನೂ ಇರ್ತೀನಿ."

ಇದ್ದರು. ಹೆರಿಗೆಯವರೆಗೂ ಇದ್ದರು, ಬಾಣಂತನದಲ್ಲೂ ಇದ್ದರು. ಬಾಣಂತಿಯ ಕೊಬ್ಬರಿ ಖಾರವನ್ನು ಬಾಣಂತಿಗಿಂತ ಚೆನ್ನಾಗಿ ಉಂಡರು. ಒಂದು ಮಧ್ಯಾಹ್ನ ಕಾಕು ಗೋಡೆಯ ಮೇಲಿಂದ ನನ್ನನ್ನು ಕರೆದು, ಸುತ್ತ ನೋಡಿ, ದನಿ ತಗ್ಗಿಸಿದರು.

"ತಂಗಿ, ಗಿಡದ ಬೀಗರಿಗಿ ತಂಬಾಕು ಕೊಟ್ಟಕೂಡ್ಲೇ ಎದ್ದು ಹೋದವು. ಈಕಿಗಿ ಕೊಟ್ಟಷ್ಟೂ ಕೂಡ್ಲಾಕತ್ತಾಳಲ್ಲ!"

ಹಾಗೆ ಹೇಳುವಾಗ ಅವರ ಮುಖದಲ್ಲಿದ್ದ ಸಂತೋಷವನ್ನು ನಾನು ಮರೆಯಲಾರೆ. ಸುನಂದಾಳಿಗೆ ಹೆಣ್ಣು ಹುಟ್ಟಿತು. ತುಳಸಿಯೂ ಬುಡದಿಂದ ಚಿಗುರಿತು. ಎರಡನ್ನೂ ಕಾಕು ಒಂದೇ ಉಸಿರಿನಲ್ಲಿ ಓಣಿಗೆಲ್ಲ ಹೇಳಿಕೊಂಡು ಬಂದರು.

ಅಂದಿನಿಂದ ಕಾಕುವಿಗೆ ಕಂಡ ಗಿಡದ ಎಲೆ ತಿರುವಿ ನೋಡುವ ಹೊಸ ಚಟ ಅಂಟಿತು. ಭೂತಗನ್ನಡಿ ನಮ್ಮ ಅಂಗಡಿಗೆ ಮರಳಿ ಬರಲೇ ಇಲ್ಲ. ಮೊಮ್ಮಗಳನ್ನು ನೋಡಲು ಉದಗೀರಕ್ಕೆ ಹೊರಟರೆ ನನ್ನನ್ನೂ ಎಳೆದುಕೊಂಡು ಹೋಗುವರು. ನಿಲಂಗಾದಲ್ಲಿ ಬಸ್ಸು ನಿಂತರೆ ಸಾಕು, ಇಳಿದು ನಿಲ್ದಾಣದ ಬೇಲಿಯ ಎಲೆಗಳನ್ನೆಲ್ಲ ತಿರುವಿ ಪರೀಕ್ಷಿಸುವರು. ಒಮ್ಮೆ ಚಾಲಕ ಹಾರ್ನ್ ಬಾರಿಸಿ ಬಾರಿಸಿ ಬೇಸತ್ತು, ಏನು ಕಳೆದಿದೆ ಎಂದು ತಾನೂ ಇಳಿದು ಬಂದ. ಕಾಕು ಅವನ ಕೈಗೆ ಭೂತಗನ್ನಡಿ ಕೊಟ್ಟರು. ಆಮೇಲೆ ಅವನನ್ನು ಕರೆಯಲು ಕಂಡಕ್ಟರ್ ಬರಬೇಕಾಯಿತು. ಉದಗೀರದ ಕೋಟೆಯ ಬಳಿ ಬೆಳೆದ ಲಂಟಾನದ ಪೊದೆ ತೋರಿಸಿ, ಅದನ್ನು ತಿನ್ನಿಸಲೆಂದೇ ಒಂದು ಜಾತಿಯ ಜಾಲರಿ ತಿಗಣೆಯನ್ನು ಹೊರದೇಶದಿಂದ ಕರೆಸಿದ್ದರಂತೆ ಎಂದೆ. ಕಾಕು ಸೊಂಟದ ಮೇಲೆ ಕೈಯಿಟ್ಟು ಪೊದೆಯನ್ನು ಮೇಲಿಂದ ಕೆಳಗೆ ನೋಡಿದರು. ಅದು ದಟ್ಟವಾಗಿ, ಹೂ ಬಿಟ್ಟು, ಆರಾಮಾಗಿತ್ತು.

"ಕರಿಸಿದ ಬೀಗರು ಬ್ಯಾರೆ. ನಾಚಕೊಂಡು ಅರ್ಧಾ ಉಣ್ತಾವ."

ಹೆಣ್ಣು ನೋಡಲು, ಮನೆ ಕೊಳ್ಳಲು, ಯಾರ ಬಗ್ಗೆಯಾದರೂ ಮಾತಾಡಲು ಅವರಿಗೆ ಆಮೇಲೆ ಒಂದೇ ಗಾದೆ: "ಮ್ಯಾಲ ನೋಡಿದ್ರ ಎಲ್ಲಾ ಹಸರೇ. ಎಲಿ ತಿರುವಿ ನೋಡು."

ಕಾಕಾ ಹೋದ ಮೇಲೆ ಕಾಕುವಿಗೆ ಮನೆಯಲ್ಲಿ ಮನಸ್ಸು ನಿಲ್ಲಲಿಲ್ಲ. "ನಾಕು ದಿನ ಇರ್ಲಾಕ ಬರ್ರಿ" ಎಂದು ಉದಗೀರದಿಂದ ಬೀಗತಿಯೇ ಹೇಳಿ ಕಳಿಸಿದರು. ಹೊರಡುವ ದಿನ ಕಾಕು ತುಳಸಿಯ ಮುಂದೆ ನಿಂತು ಕನ್ನಡದಲ್ಲಿ ಬಹಳ ಹೊತ್ತು ಏನೋ ಹೇಳಿದರು. ನನಗೆ ಹೇಳಿದ್ದು ಇಷ್ಟೇ: "ನೀರು ಹಾಕು. ಬೀಗರು ಬಂದ್ರ ಮಾತಾಡ್ಸು. ಹಿಂದ್ಯಾಗ." ಬಸ್ಸು ಹತ್ತುವ ಮೊದಲು ಡಬ್ಬಿ ಚಾಚಿದರು. ನಾನು ಬ್ಯಾಡ್ರೀ ಎಂದೆ. "ಓದಿದವರ ಮೂಗು" ಎಂದು ನಕ್ಕು ಮೆಟ್ಟಿಲು ಹತ್ತಿದರು. ನಾನು ಅವರನ್ನು ನೋಡಿದ್ದು ಅದೇ ಕೊನೆ.

ಕಾಕು ತೀರಿಕೊಂಡ ಸುದ್ದಿ ಬಂದದ್ದು ದೀಪಾವಳಿ ಕಳೆದ ಮೇಲೆ. ಅವರ ಅಂಗಳಕ್ಕೆ ಹೋಗಿ ತುಳಸಿಯಿಂದ ಒಂದು ಟಿಸಿಲು ಮುರಿದುಕೊಂಡು ಬಸ್ಸು ಹತ್ತಿದೆ. ನಿಲಂಗಾದಲ್ಲಿ ಬಸ್ಸು ನಿಂತಾಗ ಕೈ ತಾನಾಗಿ ಎಲೆ ತಿರುವಿತು. ಅಡಿಯಲ್ಲಿ ಒಂದು ಕುಳಿತಿತ್ತು, ಜಾಲರಿ ಸೀರೆ ಉಟ್ಟು. ತೆಗೆದು ಹಾಕಲು ಮನಸ್ಸಾಗಲಿಲ್ಲ.

ನಾನು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಬಂದಿದ್ದರು. ಸುನಂದಾ ಅತ್ತು ಅತ್ತು ಸುಸ್ತಾಗಿ ಮಲಗಿದ್ದಳು. ಶಾಂತಾಬಾಯಿ ಮಾತ್ರ ಅಡುಗೆಮನೆಯಲ್ಲಿ, ಆರಿದ ಒಲೆಯ ಮುಂದೆ ನೆಟ್ಟಗೆ ಕುಳಿತಿದ್ದರು. ಆಕೆ ಒಂದು ಹನಿಯನ್ನೂ ಹಾಕಿಲ್ಲ, ಕಲ್ಲಿನ ಮನಸ್ಸು ಎಂದು ಹೊರಗೆ ಬಂಧುಗಳು ಆಡಿಕೊಳ್ಳುತ್ತಿದ್ದರು. ನಾನು ಟಿಸಿಲನ್ನು ಅವರ ಕೈಗೆ ಕೊಟ್ಟೆ. ಅವರು ಎಲೆ ತಿರುವಿ, ಕಣ್ಣಿನ ಹತ್ತಿರ ತಂದುಕೊಂಡು ನೋಡಿದರು.

"ಗಂಡಿನ ಕಡಿಯವರು ಇಲ್ಲೀತನಕ ಬಂದ್ರೇನು?" ಎಂದರು.

ಸಂಚಿಯಿಂದ ಕಾಕುವಿನ ಹಿತ್ತಾಳೆ ಡಬ್ಬಿ ತೆಗೆದರು. ಒಂದು ಚಿಟಿಕೆ ಏರಿಸಿ ಚಾವಣಿಯ ಕಡೆ ಮುಖವೆತ್ತಿ ಕಾದರು. ಸೀನು ಬರಲಿಲ್ಲ. ಎರಡೂ ಕಣ್ಣಿಂದ ನೀರು ಇಳಿಯತೊಡಗಿತು, ಕೆನ್ನೆ ದಾಟಿ ಸೆರಗಿಗೆ ಬಿತ್ತು, ನಿಲ್ಲಲೇ ಇಲ್ಲ.

"ಮಾಲ ಭಾಳ ಖಾರ ಅದಾ" ಎಂದರು.

"ಹೌದ್ರೀ" ಎಂದು ನಾನೂ ಅವರ ಪಕ್ಕದಲ್ಲಿ ಕುಳಿತು ಕೈ ಚಾಚಿದೆ. "ನನಗೂ ಒಂದು ಚಿಮಟಿ ಕೊಡ್ರಿ."